ಬಿಳಿ ಹಿನ್ನೆಲೆ

ಅಕಬಾ ಪೇಟೆಯಲ್ಲಿ, ಮೀನಂಗಡಿಯ ಮಗ್ಗುಲಲ್ಲಿ
ಇಪ್ಪತ್ತೇಳು ವರ್ಷದಿಂದ ನಾನು
ಪಾಸ್‌ಪೋರ್ಟಿಗೆ ಮುಖ ತೆಗೆಯುತ್ತಿದ್ದೇನೆ.
ಗದ್ದ ಸ್ವಲ್ಪ ಕೆಳಗೆ. ಕಿವಿ ಕಾಣಲಿ. ನಗಬೇಡಿ.
ಹಿಂದೆ ಗೋಡೆಗೆ ಬಿಗಿದ ಬಿಳಿ ಬಟ್ಟೆ;
ವಾರಕ್ಕೊಮ್ಮೆ ಹೆಂಡತಿ ಒಗೆದು ಇಸ್ತ್ರಿ ಹಾಕುತ್ತಾಳೆ.

ಜನವರಿಯ ಒಂದು ಬುಧವಾರ ಫೋನು:
ರಮ್ ಕಣಿವೆಯಿಂದ ಹುವೈಮಿಲ್. ಮಾತಿನ ನಡುವೆ ಹಲ್ಲು ಕಟಕಟ.
"ಅಂಗಡಿ ಮುಚ್ಚಿ ಬಾ ಮಾರಾಯ,
ನಮ್ಮ ಬೆಟ್ಟಗಳ ಹಿಂದೆ ಯಾರೋ
ನಿನ್ನ ಬಟ್ಟೆ ಕಟ್ಟಿಹೋಗಿದ್ದಾರೆ."

ಹೋದೆ. ಪಿಕಪ್ಪಿನ ವೈಪರಿಗೆ ಹೊಸ ಕಸುಬು,
ಮರಳು ಒರೆಸಿ ಗೊತ್ತು ಅದಕ್ಕೆ, ಹಿಮ ಗೊತ್ತಿಲ್ಲ.
ಕೆಂಪು ದಿಬ್ಬದ ಮೇಲೆ ಬೆರಳ ದಪ್ಪದ ಬಿಳುಪು.
ಒಂಟೆಗಳು ಕಾಲೆತ್ತಿ ಎತ್ತಿ ಇಡುತ್ತಿದ್ದವು
ಕಾದ ಹಂಚಿನ ಮೇಲೆ ನಡೆದ ಹಾಗೆ.
ಮದುವೆಯ ಅನ್ನ ಬಡಿಸುವ ದೊಡ್ಡ ತಟ್ಟೆಯಲ್ಲಿ ಕೂತು
ಹುಡುಗರು ಜಾರುತ್ತಿದ್ದರು; ಬೈಯಲು ಬಂದ ಅಜ್ಜ
ತಾನೂ ಒಂದು ಸಲ ಜಾರಿ, ಆಮೇಲೆ ಬೈದ.

ಮೂರುಕಾಲಿನ ಸ್ಟ್ಯಾಂಡು ಊರಿದೆ.
ಬಾಯಿ ಅಭ್ಯಾಸಬಲದಿಂದ ಬಂಡೆಗೆ ಹೇಳಿತು:
ಗದ್ದ ಸ್ವಲ್ಪ ಕೆಳಗೆ.
ಬಂಡೆ ಕೇಳಲಿಲ್ಲ.
ಮೊದಲ ಹನ್ನೊಂದು ಚಿತ್ರ ದಂಡ.
ಇಷ್ಟು ಬೆಳಕು ಕಂಡು ಬೆಚ್ಚಿದ ಮೀಟರು
ಬಿಳಿಯನ್ನೆಲ್ಲ ಬೂದಿ ಮಾಡಿತ್ತು.
ಎರಡು ಸ್ಟಾಪು ಏರಿಸಿದೆ. ಆಗ ಬ್ಯಾಟರಿ ಸತ್ತಿತು.
ಅದನ್ನು ಕಂಕುಳಲ್ಲಿಟ್ಟುಕೊಂಡು,
ಥರ್ಮಾಮೀಟರು ಇಟ್ಟ ಜ್ವರದ ಮಗುವಿನಂತೆ
ಅಲುಗಾಡದೆ ಕೂತೆ, ಬೆಂಕಿಯ ಪಕ್ಕ.

ಹುವೈಮಿಲ್‌ನ ತಾಯಿ ಫಿದ್ದಾ
(ಎಂಬತ್ತಿರಬೇಕು, ಅವಳಿಗೇ ಲೆಕ್ಕವಿಲ್ಲ)
ಕೆಟಲಿಗೆ ಮುಷ್ಟಿ ಮುಷ್ಟಿ ಹಿಮ ತುಂಬುತ್ತಿದ್ದಳು.
ಕ್ಯಾಮೆರಾ ಕಂಡು ತಲೆಬಟ್ಟೆ ಮೂಗಿಗೆಳೆದಳು:
"ನನ್ನನ್ನಲ್ಲ. ಬಂದವರೆಲ್ಲ ನನ್ನನ್ನೇ ತೆಗೆದರು,
ಯಾವ್ಯಾವ ಊರಿನ ಗೋಡೆಯಲ್ಲಿ
ಇನ್ನೂ ಟೀ ಕಾಸುತ್ತಿದ್ದೇನೋ."
ಆಮೇಲೆ ಸುಮ್ಮನಾದಳು. ಕೆಟಲು ಕೈಯಲ್ಲೇ,
ಕಣ್ಣು ಎದುರಿನ ಕಲ್ಲಿನ ಮೇಲೆ.

ಸಾವಿರ ಅಡಿ ನೆಟ್ಟಗೆ ನಿಂತದ್ದು.
ಒಂದೇ ಕೆಂಪು, ಕೈಗೆ ಕಾಲಿಗೆ ಏನೂ ಸಿಗದ ಗೋಡೆ
ಎಂದೇ ಇಷ್ಟು ವರ್ಷ ನೋಡಿದ್ದೆ.
ಈಗ ಅದರ ಮೈಯ ಒಂದೊಂದು ಅಂಚಿನಲ್ಲೂ ಹಿಮ ಕೂತು
ಅಡ್ಡ, ಓರೆ, ಮತ್ತೆ ಅಡ್ಡ, ಮುರಿದು, ತಿರುಗಿ
ಬುಡದಿಂದ ನೆತ್ತಿಗೆ ಒಂದು ಬಿಳಿ ದಾರ.

"ಅಪ್ಪನ ದಾರಿ," ಅಂದಳು ಫಿದ್ದಾ.
"ಕಾಡುಮೇಕೆಯ ಹಿಂದೆ ಬರಿಗಾಲಲ್ಲಿ ಏರುತ್ತಿದ್ದ.
ಮೊದಲು ಎಡಕ್ಕೆ, ಅಂಜೂರದ ಬಿರುಕಿನ ತನಕ;
ಅಲ್ಲಿಂದ ಹೊಟ್ಟೆ ಎಳೆಯುತ್ತ ಬಲಕ್ಕೆ;
ಮೂರನೆಯ ಮೆಟ್ಟಿಲು ಮೋಸ.
ರಾತ್ರಿ ಹೇಳುತ್ತಿದ್ದ, ನಮಗೆ ನಿದ್ದೆ ಹತ್ತುವ ತನಕ.
ನಾವು ಕತೆ ಅಂದುಕೊಂಡಿದ್ದೆವು."
ಬೆರಳೆತ್ತಿ ಗಾಳಿಯಲ್ಲಿ ಏರಿದಳು.
ಮೂರನೆಯ ಮೆಟ್ಟಿಲಲ್ಲಿ ಬೆರಳು ತಡೆಯಿತು.
ಅಲ್ಲಿ ದಾರ ಕಡಿದಿತ್ತು, ನಿಜ, ಒಂದು ಆಳಿನಷ್ಟು.

ಮೋಡ ಹರಿಯಿತು. ಬಿಸಿಲು ನೆತ್ತಿಗೆ ಬಿದ್ದು
ಮೇಲಿನಿಂದ ದಾರಿ ಅಳಿಸುತ್ತ ಇಳಿಯತೊಡಗಿತು.
"ತೆಗಿ," ಅಂದಳು, "ಏನು ಕಾಯ್ತಿದ್ದೀಯ?"
ಕಂಕುಳ ಬಿಸಿಗೆ ಎದ್ದ ಬ್ಯಾಟರಿ ಕೊಟ್ಟದ್ದು
ಒಂದು. ಎರಡನೆಯದಕ್ಕೆ ಕಣ್ಣು ಮುಚ್ಚಿತು.
ಕಲ್ಲು ಒದ್ದೆಯಾಯಿತು, ಕಪ್ಪಾಯಿತು,
ಮಧ್ಯಾಹ್ನಕ್ಕೆ ಮತ್ತೆ ಗೋಡೆ.
ಹಿಮದ ಟೀ ಕುಡಿದೆವು. ಹಲ್ಲಿಗೆ ಸ್ವಲ್ಪ ಮರಳು.

ಎಷ್ಟು ದೊಡ್ಡದು ಮಾಡಿಸಲಿ, ಕೇಳಿದೆ,
ಗಾಜು ಹಾಕಿ, ಚೌಕಟ್ಟು ಕಟ್ಟಿಸಿ?
ಅವಳು ಕೊರಳ ಚೀಲದಿಂದ ಗುರುತಿನ ಚೀಟಿ ತೆಗೆದು
ತನ್ನ ಮುಖದ ಮೇಲೆ ಹೆಬ್ಬೆರಳಿಟ್ಟಳು: "ಇಷ್ಟು."

ನಿನ್ನೆ ರಾತ್ರಿ ಕತ್ತರಿಸಿದೆ.
ಅಗಲ ಮೂವತ್ತೈದು ಮಿಲಿಮೀಟರು, ಎತ್ತರ ನಲವತ್ತೈದು,
ಎಂದಿನಂತೆ ಆರು ಪ್ರತಿ.
ಹಿನ್ನೆಲೆ ಬಿಳಿ. ನಗುವಿಲ್ಲ.
ನೆತ್ತಿಯ ಹತ್ತಿರ ದಾರಿ ಆಗಲೇ ಕರಗಿದೆ;
ಮುದುಕ ತುದಿ ಮುಟ್ಟಿದನೋ, ಅರ್ಧಕ್ಕೆ ಇಳಿದನೋ,
ಭೂತಗನ್ನಡಿ ಹಿಡಿದು ಹುಡುಕುತ್ತಿದ್ದೆ.
ದೀಪ ಆರಿಸು ಅಂದಳು ಹೆಂಡತಿ.